ವಿಡಿಯೋ ಜ್ವಾಕಿ ಮಾಡೋದು ಅರ್ಧ ಹುಡುಗೂರ ಕೆಲಸ, ಅರ್ಧ ನಮ್ಮದು

ಮದವಿ ಗೊತ್ತಾತು ಅಂದ್ರ ಕಾರ್ಯಾಲಯ, ಅಡಗಿಯವರು ಆದ ಮ್ಯಾಲೆ ಮೂರನೇ ಮಾತು ವಿಡಿಯೋದ್ದ. ಯಾವ ಸ್ಟುಡಿಯೋದವರು, ಎಷ್ಟು ಕ್ಯಾಮೆರಾ, ಡ್ರೋನ್ ತರ್ತಾರೋ ಇಲ್ಲೋ, ರೊಕ್ಕ ಎಷ್ಟು. ಇದಿಷ್ಟನ್ನ ನಾಕು ಮಂದಿ ಕೂತು ಮಾತಾಡ್ತಾರ. ತಗದ ವಿಡಿಯೋ ಆಮ್ಯಾಲೆ ಎಲ್ಲಿ ಇಡಬೇಕು, ಹೆಂಗ ಇಡಬೇಕು, ಯಾರು ಇಡಬೇಕು ಅನ್ನೂದನ್ನ ಮಾತ್ರ ಒಬ್ಬರೂ ಕೇಳೂದಿಲ್ಲ. ನನ್ನ ಕೇಳಿದ್ರ ಮೊದಲ ಆಗಬೇಕಾದ ಮಾತ ಅದು. ಇನ್ನೊಂದು ಹೆಜ್ಜಿ ಮುಂದ ಹೋಗಿ ಹೇಳ್ತೇನಿ: ವಿಡಿಯೋ ಜ್ವಾಕಿ ಮಾಡೂದರಾಗ ಅರ್ಧ ಕೆಲಸ ಕಂಪ್ಯೂಟರ್ ಬಲ್ಲ ಹುಡುಗೂರದು, ಇನ್ನರ್ಧ ಮನ್ಯಾಗಿನ ಹೆಣ್ಣಮಕ್ಕಳದು. ಹುಡುಗೂರು ತಮ್ಮ ಪಾಲಿನದ್ದು ಅಷ್ಟಿಷ್ಟರ ಮಾಡ್ತಾರ. ನಮ್ಮ ಪಾಲಿನದ್ದು ಹಂಗ ಬಿದ್ದದ, ಮತ್ತ ಅದನ್ನ ನಾವಲ್ಲದ ಬ್ಯಾರೆಯವರಿಗೆ ಮಾಡ್ಲಿಕ್ಕೆ ಬರೂದಿಲ್ಲ.

ಏನು ಕಳಕೊಳ್ಳಿಕತ್ತೇವಿ ಅನ್ನೂದನ್ನ ಮೊದಲ ನೋಡೂಣು. ಕ್ಯಾಮೆರಾದವರು ನಸುಕಿನಾಗ ಬಂದು ನಿಂತ್ರ ಅರಿಷಿಣ, ಸುರಗಿ, ಅಕ್ಕಿಕಾಳು, ಹೆಣ್ಣು ಒಪ್ಪಿಸೋದು ಎಲ್ಲಾ ಹಿಡಕೊಂಡು ರಾತ್ರಿ ಹೋಗ್ತಾರ. ಎರಡು ತಿಂಗಳಿಗೆ ನಮ್ಮ ಕೈಗೆ ಬರೂದು ಒಂದು ಪೆನ್‌ಡ್ರೈವ್. ಅದರಾಗ ಐದು ನಿಮಿಷದ್ದೊಂದು ತುಣುಕು, ಎರಡು ತಾಸಿನದೊಂದು ಪೂರ್ತಿ ವಿಡಿಯೋ. ಚಂದ ಇರ್ತದ, ಸುಳ್ಳ್ಯಾಕ ಹೇಳಲಿ. ಆದ್ರ ಒಂದ್ಸಲ ಕಣ್ಣು ಮುಚ್ಚಿ ಕೇಳ್ರಿ. ಸುರಗಿ ಸುತ್ತೂ ಮುಂದ ಮುತ್ತೈದೇರು ಹಾಡಿದ ಸೋಬಾನ ಪದ ಎಲ್ಲದ? ಬೀಗರಿಗೆ ಚಾಷ್ಟಿ ಮಾಡಿ ಹಾಡಿದ ಹಾಡು ಎಲ್ಲದ? ಅದರ ಮ್ಯಾಲೆಲ್ಲಾ ಸಿನಿಮಾ ಹಾಡು ಹಾಕಿ ಮುಚ್ಚಿರ್ತಾರ. ಹೆಣ್ಣಮಕ್ಕಳ ದನಿ ಇರೂದು ಕ್ಯಾಮೆರಾ ತಗದ ಕಚ್ಚಾ ವಿಡಿಯೋದಾಗ ಮಾತ್ರ, ಅಂದ್ರ ಕತ್ತರಿ ಆಡಸೂಕಿಂತ ಮೊದಲಿನ ವಿಡಿಯೋದಾಗ. ಆ ಕಚ್ಚಾ ವಿಡಿಯೋ ನಮ್ಮ ಕೈಗೆ ಬರೂದ ಇಲ್ಲ.

ನಮ್ಮ ಬಳಗದಾಗ ಒಬ್ಬಾಕಿ ಅವ್ವ ತೀರಿಕೊಂಡ್ರು. ಊರಾಗಿನ ಎಲ್ಲಾರ ಮದವ್ಯಾಗ ಮುಂದ ನಿಂತು ಹಾಡೂ ಹೆಣ್ಣಮಗಳು. ಒಂದು ಹಾಡರ ಸಿಗತದೇನು ಅಂತ ಮಗಳು ಮೂರು ಮನಿ ಪೆನ್‌ಡ್ರೈವ್ ತರಿಸಿ ನೋಡಿದ್ಲು. ಮೂರರಾಗೂ ಅವ್ವ ಇದ್ದಾರ, ಬಾಯಿ ಅಳ್ಳಾಡತದ, ದನಿ ಇಲ್ಲ. ವಿಡಿಯೋ ತಗದವರಿಗೆ ಫೋನ್ ಮಾಡಿದ್ರ ಕಚ್ಚಾದ್ದು ಅಳಿಸಿ ಭಾಳ ದಿವಸ ಆತ್ರಿ ಅಕ್ಕಾರ ಅಂದ್ರಂತ.

ಅವರ ಮ್ಯಾಲೆ ಸಿಟ್ಟು ಮಾಡೂಕಿಂತ ಮೊದಲ ಲೆಕ್ಕ ನೋಡ್ರಿ. ಒಂದು ಛಲೋ ಕ್ಯಾಮೆರಾ 4ಕೆ ವಿಡಿಯೋ ತಗಿಯೂ ಮುಂದ ಸೆಕೆಂಡಿಗೆ 100 ಮೆಗಾಬಿಟ್ ಬರೀತದ ಅಂತ ಇಟಗೊಳ್ರಿ. 8 ಬಿಟ್ಟಿಗೆ ಒಂದು ಬೈಟ್. ಅಂದ್ರ ಸೆಕೆಂಡಿಗೆ 12.5 ಎಂಬಿ, ನಿಮಿಷಕ್ಕ 750 ಎಂಬಿ, ತಾಸಿಗೆ 45 ಜಿಬಿ ಆತು. ಮೂರು ಕ್ಯಾಮೆರಾ ಆರಾರು ತಾಸು ಓಡಿದ್ರ 18 ತಾಸು, 810 ಜಿಬಿ. ಒಂದು ಮದವಿಗೆ ಹತ್ತಿರ ಹತ್ತಿರ ಒಂದು ಟಿಬಿ. ಒಂದು ಸೀಜನ್ನಿಗೆ 30 ಮದವಿ ಹಿಡದವರಿಗೆ 24 ಟಿಬಿಗಿಂತ ಹೆಚ್ಚಿಗೆ ಜಾಗ ಬೇಕು, ಎರಡನೇ ಪ್ರತಿ ಇಟ್ರ ಅದರ ದುಪ್ಪಟ್ಟು. ಊರ ಮಂದಿ ಧಾನ್ಯ ಎಲ್ಲಾ ನಮ್ಮ ಹಗೇವಿನಾಗ ಇಡ್ರಿ ಅಂದ್ರ ನಾವು ಎಷ್ಟು ವರ್ಷ ಇಟಗೊಂಡೇವು? ಅವರ ಡಿಸ್ಕು ಅವರಿಗೆ ಮುಂದಿನ ಮದವಿಗೆ ಬೇಕಾಗಿರ್ತದ. ಅಳಸೂದು ಅವರಿಗೆ ಬಿಡಲಾರದ ಕೆಲಸ. ನಾವು ಮೊದಲ ಕೇಳಿ ಇಸಗೊಳ್ಳೂದು ನಮ್ಮ ಕೆಲಸ.

ಕೇಳ್ಲಿಕ್ಕೆ ನಮಗ ಹಕ್ಕೂ ಅದ. 1957ರ ಕಾಪಿರೈಟ್ ಕಾಯ್ದೆ 17ನೇ ಕಲಂ ಪ್ರಕಾರ, ರೊಕ್ಕ ಕೊಟ್ಟು ಫೋಟೋನೋ ವಿಡಿಯೋನೋ ಮಾಡಿಸಿದವರ ಅದರ ಮೊದಲನೇ ಒಡೆಯರು, ಬ್ಯಾರೆ ಕರಾರು ಆಗಿರದಿದ್ರ. ಆದ್ರ ಒಡೆತನ ಇದ್ದ ಮಾತ್ರಕ್ಕ ಅವರು ವರ್ಷಾನುಗಟ್ಟಲೆ ಇಟಗೊಂಡು ಕಾಯಬೇಕು ಅಂತ ಆಗೂದಿಲ್ಲ. ಅದಕ್ಕ ಮುಂಗಡ ಕೊಡೂ ಮುಂದನ ಮೂರು ಮಾತು ಕಾಗದದ ಮ್ಯಾಲೆ ಬರಿಸಿಕೊಳ್ರಿ. ಒಂದು, ಕಚ್ಚಾ ವಿಡಿಯೋ ಪೂರ್ತಿ ನಮ್ಮ ಡಿಸ್ಕಿಗೆ ಹಾಕಿ ಕೊಡಬೇಕು. ಎರಡು, ಸಿನಿಮಾ ಹಾಡು ಹಾಕಲಾರದ, ಅಲ್ಲಿದ್ದ ದನಿ ಇದ್ದಂಗ ಇರೂ ಒಂದು ಪ್ರತಿ ಬ್ಯಾರೆ ಕೊಡಬೇಕು. ಮೂರು, ಅಳಸೂಕಿಂತ ಮೊದಲ ಫೋನ್ ಮಾಡಿ ಹೇಳಬೇಕು. ಡಿಸ್ಕ್ ನೀವ ಕೊಂಡು ಕೊಡ್ರಿ. ಒಂದು ಛಲೋ ರೇಷ್ಮಿ ಸೀರಿ ರೊಕ್ಕದಾಗ ಒಂದು ಡಿಸ್ಕ್ ಬರ್ತದ. ಮದವ್ಯಾಗ ಎಷ್ಟು ಸೀರಿ ತಗೋತೇವಿ ಅಂತ ನಿಮಗ ಗೊತ್ತ ಅದ.

ಈ ಕೆಲಸ ಕಲತವರು ಹೆಂಗ ಮಾಡ್ತಾರ ಅಂತ ನಮ್ಮ ಮೈದುನನ ಮಗಳಿಂದ ಕೇಳಿ ತಿಳಕೊಂಡೇನಿ. ಆಕಿ ಬೆಂಗಳೂರಾಗ ಎಡಿಟಿಂಗ್ ಮಾಡ್ತಾಳ. ದೊಡ್ಡ ಶೂಟಿಂಗಿನಾಗ ಕ್ಯಾಮೆರಾದ ಕಾರ್ಡಿನಿಂದ ಡಿಸ್ಕಿಗೆ ಇಳಸ್ಲಿಕ್ಕೆ ಒಬ್ಬರನ್ನ ಬ್ಯಾರೆನ ನೇಮಿಸಿರ್ತಾರಂತ. ಅವರಿಗೆ ಡೇಟಾ ರ‍್ಯಾಂಗ್ಲರ್ ಅಂತಾರ. ರ‍್ಯಾಂಗ್ಲರ್ ಅಂದ್ರ ಕುದರಿ ದನ ಕಾಯೋರು. ಒಂದು ದನಾನೂ ತಪ್ಪಿಸಿಕೊಳ್ಳದಂಗ ಎಣಿಸಿ ಹಕ್ಕಿಗೆ ಹೊಡೆದಂಗ, ಒಂದು ಫೈಲೂ ತಪ್ಪದಂಗ ಎಣಿಸಿ ಡಿಸ್ಕಿಗೆ ಹೊಡೀಬೇಕು. ಆ ಕೆಲಸಕ್ಕ ಹೆಸರದ, ಪಗಾರ ಅದ. ಮನ್ಯಾಗ ಅದ ಕೆಲಸಕ್ಕ ಹೆಸರೂ ಇಲ್ಲ, ಆಳೂ ಇಲ್ಲ.

ಅವರ ಪದ್ಧತಿಯೊಳಗ ನಾವು ಕಲೀಬೇಕಾದ್ದು ಮೂರು ಅವ. ಮೊದಲನೇದು, ಕಾರ್ಡಿಗೊಂದು ಬ್ಯಾರೆ ಫೋಲ್ಡರ್. ಭಾಳ ಕ್ಯಾಮೆರಾ ತಾವು ತಗದ ವಿಡಿಯೋಕ್ಕ ಸಿ0001, ಸಿ0002 ಅಂತ ನಂಬರ ಹಾಕ್ತಾವ. ಹೊಸಾ ಕಾರ್ಡ್ ಹಾಕಿದ್ರ ಎಷ್ಟೋ ಸಲ ಮತ್ತ ಒಂದರಿಂದ ಶುರು ಆಗ್ತದ. ಮುಂಜಾನೆ ಕಾರ್ಡಿನಾಗೂ ಸಿ0001 ಇರ್ತದ, ಸಂಜಿ ಕಾರ್ಡಿನಾಗೂ ಸಿ0001 ಇರ್ತದ. ಎರಡೂ ಒಂದ ಫೋಲ್ಡರಿಗೆ ಸುರುವಿದ್ರ, ಹಳೇದರ ಮ್ಯಾಲೆ ಹೊಸಾದು ಬರೀಲೇನು ಅಂತ ಕಂಪ್ಯೂಟರ್ ಕೇಳ್ತದ. ಹೂಂ ಅಂದ್ರ ಅರಿಷಿಣ ಹೋಗಿ ಆರತಕ್ಷತಿ ಕೂಡ್ತದ. ಅದಕ್ಕ ತಾರೀಖು, ಕ್ಯಾಮೆರಾ, ಕಾರ್ಡ್ ನಂಬರ ಮೂರೂ ಬರದ ಫೋಲ್ಡರ್ ಬೇಕು. ಜ್ವಾಳದ ಚೀಲ ಗೋದಿ ಚೀಲ ಒಂದ ಹಗೇವಿಗೆ ಸುರುವೂದಿಲ್ಲಲ್ಲ, ಹಂಗ.

ಎರಡನೇದು, ಕಟ್ ಮಾಡೂದಲ್ಲ, ಕಾಪಿ ಮಾಡಬೇಕು. ಕಾಪಿ ಆದ ಮ್ಯಾಲೆ ಎರಡೂ ಕಡೆ ಫೈಲಿನ ಎಣಿಕಿ, ತೂಕ ಒಂದ ಅದನೋ ಇಲ್ಲೋ ನೋಡಬೇಕು. ಎಡಿಟಿಂಗಿನವರು ಇನ್ನೂ ಒಂದು ಹೆಜ್ಜಿ ಮುಂದ ಹೋಗ್ತಾರ. ಫೈಲಿನಾಗ ಇದ್ದದ್ದೆಲ್ಲಾ ಕೂಡಿಸಿ ಗುಣಿಸಿ ಒಂದು ಉದ್ದನ ಸಂಖ್ಯಾ ತಗಿಯೂ ಸಾಫ್ಟ್‌ವೇರ್ ಅದ. ಅದಕ್ಕ ಚೆಕ್‌ಸಮ್ ಅಂತಾರ. ಕಾರ್ಡಿನ ಫೈಲಿಂದೂ ಡಿಸ್ಕಿನ ಫೈಲಿಂದೂ ಆ ಸಂಖ್ಯಾ ಒಂದ ಬಂದ್ರ ಒಂದು ಅಕ್ಷರಾನೂ ಆಚೀಚಿ ಆಗಿಲ್ಲ ಅಂತ ಅರ್ಥ. ಅಕ್ಕಸಾಲಿ ಅಂಗಡ್ಯಾಗ ಬಂಗಾರ ಕೊಡೂ ಮುಂದ ಒಮ್ಮೆ, ಒಡವಿ ಇಸಗೊಳ್ಳೂ ಮುಂದ ಒಮ್ಮೆ ತೂಗಿಸ್ತೇವಲ್ಲ, ಅದ ಎಚ್ಚರಿಕಿ. ಇದು ಆಗೂ ತನಕ ಕಾರ್ಡ್ ಅಳಸಂಗಿಲ್ಲ.

ಮೂರನೇದು, ಜಾಗ ಬದಲಿ ಮಾಡಂಗಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಾಗ ಕೆಲಸ ಸೇವ್ ಮಾಡಿದ್ರ ವಿಡಿಯೋ ಅದರಾಗ ಕೂಡೂದಿಲ್ಲ. ಇಂಥಾ ಡಿಸ್ಕು, ಇಂಥಾ ಫೋಲ್ಡರು, ಇಂಥಾ ಫೈಲಿನ ಇಷ್ಟನೇ ಸೆಕೆಂಡಿನಿಂದ ಅಂತ ವಿಳಾಸ ಅಷ್ಟ ಬರಕೊಂಡಿರ್ತದ. ಆಮ್ಯಾಲೆ ಯಾರೋ ಅಚ್ಚುಕಟ್ಟು ಮಾಡ್ತೇನಿ ಅಂತ ಫೋಲ್ಡರಿನ ಹೆಸರು ಬದಲಿ ಮಾಡಿದ್ರ ಸಾಫ್ಟ್‌ವೇರಿಗೆ ಮನಿ ಸಿಗೂದಿಲ್ಲ, ಎಡಿಟ್ ಮಾಡಿದ್ದೆಲ್ಲಾ ಖಾಲಿ ಕಾಣಸ್ತದ. ಪತ್ತಾ ತಪ್ಪಿದ ಲಗ್ನಪತ್ರಿಕಿ ಆದಂಗ. ಅದಕ್ಕ ಹೆಸರು ಇಡೋದಿದ್ರ ಮೊದಲನೇ ದಿವಸಾನ ಇಡಬೇಕು, ಕತ್ತರಿ ಹಿಡಿಯೂಕಿಂತ ಮೊದಲ.

ತಾರೀಖು ಹಾಕೋದಕ್ಕೂ ಒಂದು ರೀತಿ ಅದ. ವರ್ಷ ಮೊದಲ, ತಿಂಗಳು ಆಮ್ಯಾಲೆ, ದಿವಸ ಕಡೀಕ: 2019-05-12. ಹಿಂಗ ಬರದ್ರ ಕಂಪ್ಯೂಟರ್ ತಾನ ಸಾಲಾಗಿ ಹಚ್ಚತದ. ನಮ್ಮ ರೂಢಿಯಂಗ 12-05-2019 ಅಂತ ಬರದ್ರ ಎಲ್ಲಾ ವರ್ಷದ 12ನೇ ತಾರೀಖು ಒಂದ ಕಡೆ ಗುಂಪು ಕೂಡ್ತಾವ. ತಾರೀಖಿನ ಮುಂದ ಕಾರ್ಯ, ಊರು ಹಾಕ್ರಿ. ಕನ್ನಡದಾಗ ಬರದ್ರೂ ಈಗಿನ ಕಂಪ್ಯೂಟರಿಗೆ ತಿಳೀತದ.

ಇನ್ನ ಮನ್ಯಾಗ ಇಡೋ ಮಾತು. ಅಮೇರಿಕಾದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಅನ್ನಾವರು ಜಗತ್ತಿಗೆಲ್ಲಾ ರೂಢಿ ಮಾಡಿಸಿದ ಒಂದು ನೇಮ ಅದ: ಮೂರು, ಎರಡು, ಒಂದು. ಮೂರು ಪ್ರತಿ ಇರಬೇಕು. ಅವು ಎರಡು ಬಗೆ ಸಾಮಾನಿನ ಮ್ಯಾಲೆ ಇರಬೇಕು. ಒಂದು ಪ್ರತಿ ಬ್ಯಾರೆ ಮನ್ಯಾಗ ಇರಬೇಕು. ನಮಗ ಇದು ಹೊಸಾದಲ್ಲ. ಬೀಜದ ಜ್ವಾಳ ಎಲ್ಲಾ ಒಂದ ಗಡಿಗ್ಯಾಗ ಯಾವ ಹಿರೇ ಹೆಣ್ಣಮಗಳೂ ಇಟ್ಟಿಲ್ಲ. ತವರಮನ್ಯಾಗ ಒಂದು ಡಿಸ್ಕ್, ಅತ್ತಿಮನ್ಯಾಗ ಒಂದು ಡಿಸ್ಕ್ ಇಟ್ರ ಬ್ಯಾರೆ ಮನಿ ಅನ್ನೂದು ತಾನ ಆಗ್ತದ. ಮಳಿಗಾಲದಾಗ ಮನ್ಯಾಗ ನೀರು ಹೊಕ್ಕವರಿಗೆ ಇದರ ಬೆಲಿ ನಾ ಹೇಳಬೇಕಾಗಿಲ್ಲ.

ಒಂದೊಂದು ಸಾಮಾನಿಗೂ ಒಂದೊಂದು ಗುಣ ಇರ್ತದ. ಹಾರ್ಡ್ ಡಿಸ್ಕಿನೊಳಗ ತಿರಗೂ ತಟ್ಟಿ ಇರ್ತದ, ಓಡೂ ಮುಂದ ಕೈಜಾರಿ ಬಿದ್ರ ಮುಗೀತು. ಎಸ್‌ಎಸ್‌ಡಿ ಬಿದ್ರೂ ಅಷ್ಟು ಹೆದರಿಕಿ ಇಲ್ಲ, ಆದ್ರ ಕರೆಂಟ್ ತೋರಸಲಾರದ ವರ್ಷಾನುಗಟ್ಟಲೆ ಟಿಜೋರ‍್ಯಾಗ ಇಟ್ರ ಬರದದ್ದು ಅಳಿಸಿ ಹೋಗೂ ಭಯ ಅದ. ಪೆನ್‌ಡ್ರೈವ್ ಒಯ್ದು ಕೊಡ್ಲಿಕ್ಕೆ ಅಷ್ಟ, ಇಡ್ಲಿಕ್ಕಲ್ಲ. ಅದೂ ಹಳೇ ಫ್ಯಾಟ್32 ಪದ್ಧತಿಯೊಳಗ ಇದ್ರ 4 ಜಿಬಿಗಿಂತ ದೊಡ್ಡ ಫೈಲು ಒಳಗ ಹೋಗೂದ ಇಲ್ಲ. ವಾಟ್ಸಾಪಿನಾಗ ವಿಡಿಯೋ ಕಳಿಸಿದ್ರ ಅದು ಹಿಂಡಿ ಸಣ್ಣ ಮಾಡಿ ಕಳಸ್ತದ. ಡಾಕ್ಯುಮೆಂಟ್ ಅಂತ ಕಳಿಸಿದ್ರ ಇದ್ದಂಗ ಹೋಗ್ತದ, 2 ಜಿಬಿ ತನಕ. ಗ್ರೂಪಿನಾಗ ಬಂದದ ಅಂದ ಮಾತ್ರಕ್ಕ ಜ್ವಾಕಿ ಆಗ್ಯದ ಅಂತ ತಿಳಕೋಬ್ಯಾಡ್ರಿ.

ಗೂಗಲ್‌ದಾಗ ಅದ ಅಂತ ನಿಶ್ಚಿಂತಿ ಇದ್ದವರಿಗೆ ಎರಡು ಮಾತು. ಪುಕ್ಕಟಿ ಸಿಗೂದು 15 ಜಿಬಿ, ಅದೂ ಮೇಲು, ಫೋಟೋ, ಫೈಲು ಎಲ್ಲಾ ಕೂಡಿ. ಮ್ಯಾಲೆ ಹೇಳಿದ ಕ್ಯಾಮೆರಾ ಲೆಕ್ಕದಾಗ ಅದು 20 ನಿಮಿಷದ ವಿಡಿಯೋ. ಮತ್ತ ಫೋನಿಗೆ ಜೋಡಿಸಿಟ್ಟ ಫೋಟೋ ಖಾತೆದಾಗ ಫೋನಿನಾಗ ಅಳಿಸಿದ್ರ ಅಲ್ಲೂ ಅಳಿಸಿ ಹೋಗ್ತದ. ಅದು ಎರಡನೇ ಪ್ರತಿ ಅಲ್ಲ, ಒಂದ ಪ್ರತಿಯ ಎರಡು ಕಿಟಕಿ. ಎರಡು ವರ್ಷ ಯಾರೂ ತಗೀಲಾರದ ಖಾತೆ ಗೂಗಲ್ ಅಳಿಸಬಹುದು. ಮನ್ಯಾಗ ಹಿರಿಯರು ತೀರಿಕೊಂಡ ಮ್ಯಾಲೆ ಅವರ ಫೋನಿನ ಕೀಲಿನಂಬರ ಯಾರಿಗೂ ಗೊತ್ತಿಲ್ಲ ಅಂದ್ರ ಅದರಾಗಿದ್ದದ್ದೂ ಅವರ ಜೋಡಿನ ಹೋದಂಗ. ಹಿರಿಯರು ಇದ್ದಾಗನ ಕೇಳಿ ಒಂದು ಚೀಟಿ ಬರದು ಬಂಗಾರದ ಡಬ್ಬ್ಯಾಗ ಇಡ್ರಿ. ಕೇಳೂದು ಅಮಂಗಳ ಅಂತೀರೇನು? ವಿಲ್ ಬರಸೂದೂ ಹಂಗ ಅನಸ್ತದ, ಆದ್ರೂ ಬರಸ್ತೀವಿ.

ಹಳೇ ಕ್ಯಾಸೆಟ್ ಇದ್ದವರು ತಡಾ ಮಾಡಬ್ಯಾಡ್ರಿ. ಎಂಬತ್ತು ತೊಂಬತ್ತರ ದಶಕದಾಗ ಮದವಿ ಆದವರ ವಿಎಚ್‌ಎಸ್ ಕ್ಯಾಸೆಟ್ ಅಟ್ಟದ ಮ್ಯಾಲೆ ಬೂಸು ಹಿಡಿಲಿಕ್ಕತ್ತಾವ. ಅದನ್ನ ಓಡಸೂ ಮಶೀನು ಜಗತ್ತಿನಾಗ ಕಡೀಕ ತಯಾರು ಮಾಡ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಾಗ ನಿಲ್ಲಿಸಿಬಿಟ್ಟದ. ಇದ್ದ ಮಶೀನು ಕೆಡೂಕಿಂತ ಮೊದಲ ಡಿಸ್ಕಿಗೆ ಇಳಿಸಿಕೋಬೇಕು.

ನಮ್ಮಂಥವರ ಮನಿ ಮಾತು ಇದು, ದೊಡ್ಡವರಿಗೆ ಹಿಂಗೆಲ್ಲಾ ಆಗೂದಿಲ್ಲ ಅಂತ ಅನಸಬಹುದು. ಕನ್ನಡದ ಮೊದಲನೇ ಮಾತಾಡೂ ಚಿತ್ರ ‘ಸತಿ ಸುಲೋಚನಾ’ 1934ರಾಗ ಬಂತು. ಶೂಟಿಂಗ್ ಆದದ್ದು ಬೆಳಗಾವಿ ಆಚಿ ಕೊಲ್ಹಾಪುರದಾಗ. ಇವತ್ತ ಅದರ ಒಂದು ಪ್ರಿಂಟೂ ಉಳದಿಲ್ಲ. 1931ರ ಹಿಂದಿ ‘ಆಲಂ ಆರಾ’ದ್ದೂ ಅದ ಗತಿ. ಸಿನಿಮಾ ಜ್ವಾಕಿ ಮಾಡ್ಲಿಕ್ಕಂತನ ಪುಣೆದಾಗ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಆದದ್ದು 1964ರಾಗ. ಅಷ್ಟರಾಗ ಹೋಗೂದು ಹೋಗಿತ್ತು.

ಹೋಗದ ಉಳದದ್ದರ ಕಥಿನೂ ಒಂದದ, ನನಗ ಭಾಳ ಸೇರಿದ್ದು. 1998ರಾಗ ಅಮೇರಿಕಾದ ಪಿಕ್ಸಾರ್ ಸ್ಟುಡಿಯೋದಾಗ ‘ಟಾಯ್ ಸ್ಟೋರಿ 2’ ತಯಾರಾಗ್ಲಿಕ್ಕತ್ತಿತ್ತು. ಕಂಪ್ಯೂಟರಿಗೆ ಯಾರೋ ಕೊಟ್ಟ ಒಂದು ತಪ್ಪು ಆಜ್ಞಾದಿಂದ ಚಿತ್ರದ ಫೈಲೆಲ್ಲಾ ಅಳಿಸ್ಲಿಕ್ಕೆ ಶುರು ಆದ್ವು. ಬ್ಯಾಕಪ್ ಅದಲ್ಲ ಅಂತ ಧೈರ್ಯ ಇತ್ತು. ತಗದು ನೋಡಿದ್ರ ಅದು ಸರಿಯಾಗಿ ಆಗಿದ್ದ ಇಲ್ಲ, ಆಗಿಲ್ಲ ಅಂತ ಅಲ್ಲೀತನಕ ಯಾರಿಗೂ ಗೊತ್ತಿರಲಿಲ್ಲ. ಆಗ ಅಲ್ಲಿ ಕೆಲಸ ಮಾಡ್ತಿದ್ದ ಗೇಲಿನ್ ಸಸ್ಮನ್ ಅನ್ನೋ ಹೆಣ್ಣಮಗಳು, ನಮ್ಮನ್ಯಾಗ ಒಂದು ಪ್ರತಿ ಅದ ಅಂದ್ಲು. ಸಣ್ಣ ಕೂಸಿತ್ತು, ಮನಿಯಿಂದ ಕೆಲಸ ಮಾಡ್ಲಿಕ್ಕಂತ ತನ್ನ ಕಂಪ್ಯೂಟರಿನಾಗ ಆಗಾಗ ಪ್ರತಿ ಇಳಿಸಿಕೊಂತಿದ್ಲು. ಆ ಕಂಪ್ಯೂಟರಿಗೆ ಹೊದಿಕಿ ಸುತ್ತಿ, ಕಾರಿನಾಗ ಬೆಲ್ಟ್ ಹಾಕಿ ಕೂಸಿನಂಗ ಕೂಡಿಸಿಕೊಂಡು ಸ್ಟುಡಿಯೋಕ್ಕ ಒಯ್ದ್ರು. ಮುಂದ ಕಥಿನ ಬದಲಿ ಮಾಡಿ ಚಿತ್ರದ ಭಾಳಷ್ಟು ಭಾಗ ಮತ್ತ ಹೊಸದಾಗಿ ಮಾಡಿದ್ರು, ಅದು ಬ್ಯಾರೆ ಮಾತು. ಆ ಹೊತ್ತಿನಾಗ ಅಷ್ಟು ಮಂದಿ ದುಡಿಮಿ ಉಳಿಸಿದ್ದು ಬಾಣಂತಿ ಮನ್ಯಾಗಿನ ಪ್ರತಿ. ಬ್ಯಾರೆ ಮನ್ಯಾಗ ಒಂದು ಪ್ರತಿ ಇರಲಿ, ಇಟ್ಟದ್ದನ್ನ ಆಗಾಗ ತಗದು ನೋಡ್ರಿ, ಅಂತ ಎರಡೂ ಪಾಠ ಇದರಾಗ ಬಂದ್ವು.

ಇಲ್ಲೀತನಕ ಹೇಳಿದ್ದೆಲ್ಲಾ ಹುಡುಗೂರ ಅರ್ಧ. ಕಾಪಿ ಮಾಡೂದು, ಎಣಿಸೂದು, ಎರಡನೇ ಡಿಸ್ಕಿಗೆ ಹಾಕೋದು ಯಾರರ ಮಾಡಬಹುದು. ನಮ್ಮ ಅರ್ಧ ಇನ್ನ ಮುಂದ ಅದ.

ಡಿಸ್ಕಿನಾಗ 18 ತಾಸಿನ ವಿಡಿಯೋ ಅದ ಅಂತ ಇಟಗೊಳ್ರಿ. ಮೂರೂ ಪ್ರತಿ ಸರಿ ಅವ. ಐವತ್ತು ವರ್ಷ ಆದ ಮ್ಯಾಲೆ ಮೊಮ್ಮಗಳು ತಗದು ನೋಡ್ತಾಳ. ಹಸರು ಇಳಕಲ್ ಸೀರಿ ಉಟ್ಟು, ಆರತಿ ತಾಟು ಹಿಡದು ಒಬ್ಬಾಕಿ ಹಾಡ್ಲಿಕ್ಕತ್ತಾಳ. ಯಾರಕಿ? ಯಾವ ಊರಾಕಿ? ನಮಗೇನಾಗಬೇಕು? ಆ ಹಾಡು ಯಾರಿಂದ ಕಲತಿದ್ಲು? ವಿಡಿಯೋ ಸ್ವಚ್ಛ ಅದ, ದನಿ ಅದ, ಉತ್ತರ ಇಲ್ಲ. ಈಗಿನ ಫೋನು ಮಾರಿ ನೋಡಿ ಒಬ್ಬಾಕಿದ ಎಲ್ಲಾ ಫೋಟೋ ಒಂದ ಕಡೆ ಕೂಡಸ್ತಾವ, ಖರೆ. ಆದ್ರ ಈಕಿ ನವಲಗುಂದದ ದೊಡ್ಡವ್ವನ ಕಡೀ ಮಗಳು, ಅವ್ವನ ಜೋಡಿ ಸಾಲಿಗೆ ಹೋದಾಕಿ, ಆ ಹಾಡು ಅವರತ್ತಿಯಿಂದ ಬಂದದ್ದು ಅಂತ ಯಾವ ಫೋನೂ ಹೇಳೂದಿಲ್ಲ. ಅದು ಇರೂದು ನಿಮ್ಮ ತಲ್ಯಾಗ. ಗಂಡಸರನ್ನ ಕೇಳಿ ನೋಡ್ರಿ, ತಮ್ಮ ಸ್ವಂತ ಸೋದರತ್ತಿ ಮಗಳ ಹೆಸರು ನೆನಸಿಕೊಳ್ಳಿಕ್ಕೆ ನಮ್ಮ ಮಾರಿ ನೋಡ್ತಾರ. ಉಡಿ ತುಂಬೂ ಮುಂದ ಯಾರಿಗೆ ಯಾವ ಸೀರಿ ಅಂತ ನೆನಪಿಟ್ಟವರು ನಾವು, ಬೀಗತಿಯರ ಮನಿತನ ಬಾಯಿಪಾಠ ಇದ್ದವರು ನಾವು.

ಎಡಿಟಿಂಗಿನವರೂ ಇದನ್ನ ಮಾಡ್ತಾರ. ಯಾವ ಫೈಲಿನಾಗ ಎಷ್ಟನೇ ನಿಮಿಷಕ್ಕ ಏನದ ಅಂತ ಪಟ್ಟಿ ಮಾಡ್ತಾರ, ಅದಕ್ಕ ಲಾಗ್ ಅಂತಾರ. ಪಟ್ಟಿ ಇಲ್ಲದ ವಿಡಿಯೋ ಇದ್ರೂ ಇಲ್ಲದಂಗ ಅಂತ ನಮ್ಮ ಹುಡುಗಿ ಹೇಳ್ತಾಳ, ಯಾಕಂದ್ರ 18 ತಾಸು ಕೂತು ಹುಡುಕವರು ಯಾರು? ಚೀಟಿ ಹಚ್ಚಲಾರದ ಇಪ್ಪತ್ತು ಡಬ್ಬಿ ಇಟಗೊಂಡು ಸಾಸಿವಿ ಹುಡುಕಿದಂಗ.

ಮಾಡೂ ರೀತಿ ಸರಳ ಅದ. ಒಂದು ನೋಟಬುಕ್ ತಗೋರಿ. ನಾಕು ಗೆರಿ ಹೊಡೀರಿ. ಮೊದಲನೇದರಾಗ ಫೋಲ್ಡರಿನ ಹೆಸರು, ಎರಡನೇದರಾಗ ಫೈಲ್ ನಂಬರ ಮತ್ತ ನಿಮಿಷ, ಮೂರನೇದರಾಗ ಯಾರು ಯಾರು, ನಾಕನೇದರಾಗ ಏನು ನಡದದ, ಯಾವ ಹಾಡು. ಎಲ್ಲಾದೂ ಬರಿಯೂದು ಬ್ಯಾಡ. ಒಂದು ಮದವಿಗೆ ಮೂವತ್ತು ಸಾಲು ಸಾಕು. ತುಂಬಿದ ಹಾಳಿದು ಫೋನಿನಾಗ ಫೋಟೋ ತಗದು ಅದ ಫೋಲ್ಡರಿನಾಗ ಹಾಕ್ರಿ, ವಿಡಿಯೋ ಎಲ್ಲಿ ಹೋದ್ರೂ ಪಟ್ಟಿ ಅದರ ಜೋಡಿನ ಹೋಗಲಿ. ಬರೀಲಿಕ್ಕೆ ಬ್ಯಾಸರಾದ್ರ ಇನ್ನೂ ಛಲೋ ಉಪಾಯ ಅದ. ಮನ್ಯಾಗಿನ ಹಿರೇಜೀವಾನ ಟಿವಿ ಮುಂದ ಕೂಡಸ್ರಿ, ಹಳೇ ವಿಡಿಯೋ ಹಚ್ಚರಿ, ಬಾಜೂಕ ಫೋನಿನಾಗ ಅವರ ಮಾತು ರೆಕಾರ್ಡ್ ಮಾಡ್ರಿ. “ಅಯ್ಯ, ಇಕಿ ನೋಡ, ನಮ್ಮ ಗದಗಿನ ವೈನಿ, ಆವತ್ತ ಜ್ವರದಾಗ ಬಂದಿದ್ಲು” ಅಂತ ತಾವ ಶುರು ಮಾಡ್ತಾರ. ಹೆಸರೂ ಸಿಗ್ತದ, ಅವರ ದನೀನೂ ಉಳೀತದ. ಆ ರೆಕಾರ್ಡಿಂಗೂ ಅದ ಫೋಲ್ಡರಿನಾಗ ಹಾಕ್ರಿ.

ಎಲ್ಲಾ ಇಡ್ರಿ ಅಂತನೂ ನಾ ಹೇಳೂದಿಲ್ಲ. ಖರೆ ಹೇಳಬೇಕಂದ್ರ ಭಾಳಷ್ಟು ತಗದು ಒಗೀಬೇಕು. ಗುಡ್ ಮಾರ್ನಿಂಗ್ ಹೂವು, ಒಂದ ಕೇಕಿನ ನಲವತ್ತು ವಿಡಿಯೋ, ಸ್ಟೇಜಿನ ಮ್ಯಾಲೆ ಸಾಲು ಹಚ್ಚಿ ನಿಂತು ಪಾಕೀಟು ಕೊಡೂ ಎರಡು ತಾಸು, ಇವೆಲ್ಲಾ ಹೋದ್ರ ಯಾರಿಗೂ ನಷ್ಟ ಇಲ್ಲ. ಅಡಗಿ ಮನ್ಯಾಗ ಶ್ಯಾವಿಗಿ ಹೊಸ್ಯೂ ವಿಡಿಯೋ, ಹಿರೇರು ಏನೋ ಹಳೇದು ಹೇಳಿ ನಗೂದು, ಕೂಸು ಮೊದಲನೇ ಸಲ ಅವ್ವಾ ಅಂದದ್ದು, ಹಾಡು, ಬೈಗಳ, ಚಾಷ್ಟಿ, ಇವು ಉಳೀಲಿ. ಸ್ಟುಡಿಯೋದವರು ಇದರ ಉಲ್ಟಾ ಮಾಡ್ತಾರ. ಅವರಿಗೆ ಸ್ಟೇಜ್ ಮುಖ್ಯ, ನಮಗ ಮೂಲಿ. ಅದಕ್ಕ ಯಾವುದು ಇಡಬೇಕು ಯಾವುದು ಒಗೀಬೇಕು ಅನ್ನೂ ಅಧಿಕಾರ ನಮ್ಮ ಕೈಯಾಗ ಬರಬೇಕು ಅಂತ ನನ್ನ ವಾದ.

ಇದನ್ನ ಹೇಳಿದ್ರ ನಮ್ಮ ಓಣ್ಯಾಗ ಒಬ್ಬಾಕಿ ಸಿಟ್ಟಿಗೆ ಬಂದ್ಲು. “ಉಪ್ಪಿನಕಾಯಿ ನಾವ ನೋಡಬೇಕು, ಹಪ್ಪಳ ನಾವ ನೋಡಬೇಕು, ಮನಿ ಕಾಗದಪತ್ರ ನಾವ ಜ್ವಾಕಿ ಮಾಡಬೇಕು, ಇನ್ನ ಇದೊಂದು ಕೆಲಸಾನೂ ನಮ್ಮ ತಲಿಗೆ ಯಾಕ ಕಟ್ಟತೀರಿ?” ಅಂದ್ಲು. ಆಕಿ ಮಾತು ಹಗುರಿಲ್ಲ. ಹೆಸರಿಲ್ಲದ, ಪಗಾರಿಲ್ಲದ ಕೆಲಸ ನಮ್ಮ ಪಾಲಿಗೆ ಮೊದಲ ಭಾಳ ಅವ. ಅದಕ್ಕ ನಾ ಅರ್ಧ ಅಂತ ಕೂಗಿ ಹೇಳಲಿಕ್ಕತ್ತೇನಿ. ಕಾಪಿ ಮಾಡೂದು, ಡಿಸ್ಕ್ ಕೊಂಡು ತರೂದು, ಪರೀಕ್ಷಾ ಮಾಡೂದು ಗಂಡಮಕ್ಕಳು ಮಾಡಲಿ, ಮಾಡಿದ್ದನ್ನ ನಮಗ ತೋರಸಲಿ. ಹೆಸರು ಬರಿಯೂದನ್ನ ಮಾತ್ರ ನಾ ಬಿಟ್ಟುಕೊಡಾಕಿ ಅಲ್ಲ. ಮನಿತನದ ಚರಿತ್ರಿ ಬರದವರೆಲ್ಲಾ ಇಲ್ಲೀತನಕ ಅಜ್ಜ, ಮುತ್ತಜ್ಜ ಅಂತ ಗಂಡಸರ ಹೆಸರ ಹಚ್ಚಿಕೊಂತ ಬಂದಾರ. ನನ್ನ ಮುತ್ತಜ್ಜಿ ಹೆಸರು ಕೇಳಿದ್ರ ನಮ್ಮ ಮನ್ಯಾಗ ಇಬ್ಬರು ಎರಡು ಹೆಸರು ಹೇಳ್ತಾರ. ವಿಡಿಯೋದಾಗ ಈ ಸಲ ಮಾರಿ ಅದ, ದನಿ ಅದ. ಇಷ್ಟಿದ್ದೂ ಹೆಸರು ಹೋದ್ರ ಅದು ಬರೀಲಾರದ್ದಕ್ಕ ಹೋದದ್ದು.

ಯಾವಾಗ ಮಾಡೂದು ಅಂತ ಕೇಳಿದ್ರ ನಮ್ಮ ಪಂಚಾಂಗದಾಗ ದಿವಸ ಮೊದಲ ಅದ. ಖಂಡೇನವಮಿಗೆ ಈಳಿಗಿ, ಮಿಕ್ಸರ್, ಸ್ಕೂಟರ್ ಎಲ್ಲಾಕ್ಕೂ ಕುಂಕುಮ ಹಚ್ಚತೇವಿ. ಆವತ್ತ ಡಿಸ್ಕೂ ಟಿಜೋರಿಯಿಂದ ಹೊರಗ ಬರಲಿ. ಪೂಜಾಕ್ಕ ಇಡೂಕಿಂತ ಮೊದಲ ಹುಡುಗೂರ ಕೈಲೆ ಕಂಪ್ಯೂಟರಿಗೆ ಹಚ್ಚಿಸಿ, ಮೂರು ಫೈಲ್ ತಗದು ಓಡಿಸಿ ನೋಡ್ರಿ. ಎರಡನೇ ಡಿಸ್ಕಿಗೆ ವರ್ಷದ ಹೊಸಾ ವಿಡಿಯೋ ಹಾಕಸ್ರಿ. ಐದಾರು ವರ್ಷ ಆಗಿದ್ದ ಡಿಸ್ಕ್ ಇದ್ರ ಹೊಸಾದಕ್ಕ ಬದಲಿ ಮಾಡಸ್ರಿ, ಕೆಟ್ಟಿಲ್ಲ ಅಂದ್ರೂ. ಬನ್ನಿ ಕೊಡ್ಲಿಕ್ಕೆ ಬಂದ ಹಿರಿಯರಿಗೆ ಚಹಾ ಕೊಟ್ಟು ಟಿವಿ ಮುಂದ ಕೂಡಿಸಿ, ನೋಟಬುಕ್ ತೊಡಿ ಮ್ಯಾಲೆ ಇಟಗೊಂಡು ಒಂದ ಪ್ರಶ್ನೆ ಕೇಳ್ರಿ: ಈ ಹಸರು ಸೀರ‍್ಯಾಕಿ ಯಾರ‍್ರಿ?